ಉಡಿ ಒಡ್ಡಿದ ಬಾಯಾರು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಮೊದಲು ನಮ್ಮ ಕ್ರೈಸ್ತ ಸಭೆಯ ದೊಡ್ಡ ಹಿರಿಯರು ಬದುಕಿದ್ದಾರೆ, ಅವರಿಗೆ ಬೇಸರವಾಗುತ್ತದೆ ಎಂದುಕೊಂಡೆ. ಅವರು ತೀರಿಕೊಂಡ ಮೇಲೆ ಹೆಂಡತಿ ಸುಶೀಲೆಗೆ ತಿಳಿದರೆ ಏನೆಂದಾಳು ಎಂದುಕೊಂಡೆ. ಈಗ ಅವಳು ಹೋಗಿಯೂ ಮೂರು ವರ್ಷವಾಯಿತು. ಇನ್ನು ನೆಪವೆಂದು ತೋರಿಸಲು ಮನೆಯಲ್ಲಿ ಯಾರೂ ಉಳಿದಿಲ್ಲ. ಕಣ್ಣು ಇನ್ನೂ ಅಷ್ಟಿಷ್ಟು ಕಾಣುತ್ತಿರುವಾಗಲೇ ಬರೆದುಬಿಡುತ್ತೇನೆ.

ನಮ್ಮೂರು ಕುಂದಗೋಳ ತಾಲೂಕಿನದು. ಯರಗುಪ್ಪಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಸರಿದು ಕುಳಿತ ಊರು. ಎಂಬತ್ತರ ದಶಕದಲ್ಲಿ ಅಲ್ಲಿ ನಮ್ಮವು ಹನ್ನೊಂದು ಕ್ರೈಸ್ತ ಮನೆಗಳಿದ್ದವು. ಹೊರಗಿನವರು ನೋಡಿದರೆ ಹತ್ತಿ ತುಂಬುವ ಗೋದಾಮು ಎಂದುಕೊಳ್ಳಬೇಕು, ಅಂಥದೊಂದು ಹೆಂಚಿನ ಪ್ರಾರ್ಥನಾಲಯ. ಪಾದ್ರಿಯವರು ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಹಿರಿಯರೇ ಆರಾಧನೆ ನಡೆಸುತ್ತಿದ್ದರು. ನಾನು ಹೈಸ್ಕೂಲು ಮುಗಿಸಿದ್ದೆ, ಅಕ್ಷರ ದುಂಡಗಿದ್ದವು. ಅಷ್ಟಕ್ಕೇ ನನ್ನನ್ನು ಸಭೆಯ ಕಾರ್ಯದರ್ಶಿ ಮಾಡಿದ್ದರು. ಹೊಟ್ಟೆಪಾಡಿಗೆ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ತೂಕ ಬರೆಯುವ ಕೆಲಸ.

ಆ ಕಾಲದಲ್ಲಿ ನಮ್ಮ ಸಭೆಗೆ ಒಬ್ಬ ಬೈಬಲ್ ಬಾಯಿ ಇದ್ದರು. ಮನೆಮನೆಗೆ ಹೋಗಿ ಸತ್ಯವೇದ ಓದಿ, ಕಷ್ಟ ಕೇಳಿ, ಪ್ರಾರ್ಥನೆ ಮಾಡಿ ಬರುವುದು ಅವರ ಕೆಲಸ. ಊರಿನವರಿಗೆಲ್ಲ ಅವರು ಬಾಯಾರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿರಲಿಲ್ಲ. ಗದಗದ ಕಡೆ ಒಬ್ಬ ತಂಗಿ ಇದ್ದಳಂತೆ. ನಮ್ಮೂರಿಗೆ ಬಂದಾಗ ನಲವತ್ತರ ಆಚೆ ಈಚೆ ಇರಬೇಕು. ಎತ್ತರದ ಆಳು, ಬಲಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಎರಿಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲು ಒಂದೊಂದು ಕಲ್ಲಿನಷ್ಟು ಭಾರವಾಗುತ್ತದೆ. ಚಪ್ಪಲಿಯನ್ನು ಒಂದು ಕೈಯಲ್ಲಿ, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ಸತ್ಯವೇದವನ್ನು ಇನ್ನೊಂದು ಕೈಯಲ್ಲಿ ಹಿಡಿದು ಕುಬಿಹಾಳದ ಹಾದಿಯಲ್ಲಿ ಒಬ್ಬರೇ ನಡೆದು ಹೋಗುವುದು ಮಿಲ್ಲಿನ ಅಂಗಳದಿಂದ ನನಗೆ ಕಾಣುತ್ತಿತ್ತು. ಹೊಲದ ನಡುವೆ ಬಹಳ ದೂರದವರೆಗೂ ಕಾಣುತ್ತಿತ್ತು. ನಮ್ಮ ಕಡೆ ಮರೆಯಾಗಲು ಗಿಡಮರ ಎಲ್ಲಿವೆ?

ಅವರು ಹೋದ ಮನೆಯಲ್ಲಿ ಮೊದಲು ಪುಸ್ತಕ ಬಿಚ್ಚುತ್ತಿರಲಿಲ್ಲ. ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರೆ ತಾವೂ ಕುಳಿತು ಬಿಡಿಸುವರು. ಜೋಳ ಹಸನು ಮಾಡುತ್ತಿದ್ದರೆ ಒಂದು ಮೊರ ಇಸಿದುಕೊಳ್ಳುವರು. ಕೆಲಸ ಮುಗಿಯುವಷ್ಟರಲ್ಲಿ ಆ ಮನೆಯ ಕಷ್ಟವೆಲ್ಲ ತಾನಾಗಿ ಹೊರಗೆ ಬಂದಿರುತ್ತಿತ್ತು. ಆಮೇಲೆ ನಾಲ್ಕು ವಚನ ಓದಿ ಪ್ರಾರ್ಥನೆ. ಅದೂ ಗಿಡ್ಡ. ಒಮ್ಮೆ ನಮ್ಮ ಮನೆಯಲ್ಲಿ ಪ್ರಾರ್ಥನೆಯ ನಡುವೆ ಸುಶೀಲೆ ಒಲೆಯ ಕಡೆ ಕಣ್ಣು ಬಿಟ್ಟು ನೋಡಿದಳು. ಬಾಯಾರು ತಾವೂ ಕಣ್ಣು ಬಿಟ್ಟು, "ಹೋಗವಾ, ಮೊದಲು ಹಾಲು ಇಳಸು. ಉಕ್ಕಿಸ್ರಿ ಅಂತ ದೇವರೇನ ಹೇಳಿಲ್ಲ," ಎಂದರು. ಅವಳು ಹಾಲು ಇಳಿಸಿ ಬಂದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸಿದರು.

ನನ್ನ ಪ್ರಾರ್ಥನೆ ಉದ್ದ. ಸತ್ಯವೇದದ ಮೂಲಪುರುಷ ಅಬ್ರಹಾಮನಿಂದ ಹಿಡಿದು, ಹುಬ್ಬಳ್ಳಿಯ ದೊಡ್ಡ ಸಭೆಗಳಲ್ಲಿ ಕೇಳಿದ ಮಾತುಗಳನ್ನೆಲ್ಲ ಪೋಣಿಸುತ್ತಿದ್ದೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಬಾಯಾರು ಹೆಂಗಸರ ನಡುವೆ ನಿಂತು, "ಕಾರ್ಯದರ್ಶಿ ಸಾಹೇಬ್ರು ಇವತ್ತ ಅಗದಿ ರಂಗಿನ್ಯಾಗ ಇದ್ರು. ನಾ ನಡು ನಿದ್ದಿ ಮಾಡಿ ಎದ್ದೆ, ಅವರಿನ್ನೂ ಅಬ್ರಹಾಮನ ಮನಿ ಮುಂದ ನಿಂತಿದ್ರು," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗೆ ಚುಚ್ಚಿತು ಎಂಬುದನ್ನೂ ಬರೆಯಬೇಕು.

ಅವರಿಗೆ ಸ್ವರಜ್ಞಾನ ಇರಲಿಲ್ಲ. ಕೀರ್ತನೆ ಹಾಡುವಾಗ ಎಲ್ಲರಿಗಿಂತ ಜೋರು, ಎಲ್ಲರಿಗಿಂತ ಬೇರೆ. ಹಾರ್ಮೋನಿಯಂ ನುಡಿಸುವವನು ಬೇಸತ್ತು ಅವರ ಹಿಂದೆ ಹಿಂದೆಯೇ ಹೋಗುತ್ತಿದ್ದ. ಮನೆಯೆಂದರೆ ಪ್ರಾರ್ಥನಾಲಯದ ಹಿಂದಿನ ಒಂದು ಖೋಲಿ. ಅದರಲ್ಲಿ ಒಂದೇ ತಾಟು, ಒಂದೇ ಲೋಟ. ಯಾರಾದರೂ ಹೋದರೆ ಅವರಿಗೆ ಚಹಾ ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಕಾದು, ತೊಳೆದು, ಆಮೇಲೆ ತಾವು ಕುಡಿಯುತ್ತಿದ್ದರು. "ಇನ್ನೊಂದ ಲೋಟ ತಗೊಳ್ರಿ ಬಾಯಾರ," ಎಂದು ಸುಶೀಲೆ ಹೇಳಿದ್ದಳು. "ಎರಡಿದ್ರ ಎರಡನೇದು ಖಾಲಿ ಕುಂತಿರ್ತೈತಿ ನೋಡವಾ. ಅದನ್ನ ನೋಡಕೋತ ನಾ ಕುಂತಿರಬೇಕು," ಎಂದಿದ್ದರಂತೆ.

ನಮ್ಮ ಮಗಳಿಗೆ ನಾಲ್ಕು ವರ್ಷವಿದ್ದಾಗ ವಿಷಮಜ್ವರ ಬಂತು. ಕುಂದಗೋಳದ ಡಾಕ್ಟರರು ಔಷಧ ಕೊಟ್ಟರು, ಇಳಿಯಲಿಲ್ಲ. ಹತ್ತನೆಯ ದಿನ ಮಗು ನೀರು ಬೇಕೆನ್ನುವುದನ್ನೂ ಬಿಟ್ಟಿತು. ಬಾಯಾರು ದಿನಾ ಮಧ್ಯಾಹ್ನ ಬಂದು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಸುಶೀಲೆಯನ್ನು ಒಂದು ತಾಸು ಮಲಗಿಸಿ ಹೋಗುತ್ತಿದ್ದರು. "ಇವತ್ತಿಂದಷ್ಟ ಕೇಳೂಣು. ನಾಳಿಂದು ನಾಳೆ ಬಂದು ಕೇಳೂಣು," ಎಂದು ಹೇಳಿ ಅಂದಿನ ದಿನಕ್ಕಾಗುವಷ್ಟೇ ಪ್ರಾರ್ಥನೆ ಮಾಡುತ್ತಿದ್ದರು.

ನನಗೆ ಅಷ್ಟು ಸಾಲಲಿಲ್ಲ. ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ ಹೊರುವ ಒಬ್ಬ ಗೆಳೆಯ, "ಒಂದು ತಾಯಿತ ಕಟ್ಸಿ ನೋಡ್ರಿ, ಹೋಗೂದೇನೈತಿ," ಎಂದು ಹೇಳಿ ಊರಾಚೆಯ ಒಂದು ದರ್ಗಾಕ್ಕೆ ಕರೆದುಕೊಂಡು ಹೋದ. ನಾನು ಹೋದೆ. ಮೊಣಕಾಲೂರಿದೆ. ತಾಯಿತವನ್ನು ತಂದು, ಸುಶೀಲೆ ಬಾವಿಗೆ ಹೋದಾಗ ಮಗುವಿನ ಸೊಂಟಕ್ಕೆ ಕಟ್ಟಿ ಮೇಲೆ ಲಂಗ ಎಳೆದೆ. ಹಾಗೆ ಮಾಡಿದ್ದಕ್ಕೆ ಇಂದು ನನಗೆ ನಾಚಿಕೆಯಿಲ್ಲ. ಮಗು ಸಾಯುತ್ತಿತ್ತು. ಆದರೆ ಅಂದು ನಾನು ಸಭೆಯ ಕಾರ್ಯದರ್ಶಿ. ಅನ್ಯ ದೇವರ ಬಾಗಿಲಿಗೆ ಹೋದವರನ್ನು, ಆರಾಧನೆಯಲ್ಲಿ ಎಲ್ಲರೂ ಹಂಚಿಕೊಳ್ಳುವ ಕರ್ತನ ಭೋಜನದಿಂದ ಹೊರಗಿಡಬೇಕು ಎಂಬ ನಿಯಮವನ್ನು ದುಂಡಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದವನೇ ನಾನು.

ಮರುದಿನ ಮೈ ಒರೆಸಲು ಕುಳಿತ ಬಾಯಾರು ಲಂಗ ಸರಿಸಿದರು. ಅವರ ಕೈ ಒಂದು ಗಳಿಗೆ ನಿಂತಿತು. ಸುಶೀಲೆ ಒಳಗೆ ಗಂಜಿ ಕಾಯಿಸುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಬಾಯಾರು ತಲೆಯೆತ್ತದೆ ಮೆಲ್ಲಗೆ ಹೇಳಿದರು, "ದಾರ ತೊಯ್ದು ಬಿಗಿ ಆಗೇತ್ರಿ. ಕೂಸಿನ ತೊಗಲು ಕೊರೀತೈತಿ. ಜರಾ ಸಡ್ಲ ಮಾಡ್ರಿ."

ಬಿಚ್ಚಿರಿ ಎನ್ನಲಿಲ್ಲ. ನಾನು ಎಷ್ಟು ಎಳೆದರೂ ಗಂಟು ಸಡಿಲವಾಗಲಿಲ್ಲ. ಕೊನೆಗೆ ಅವರೇ ಉಗುರಿನಿಂದ ಸಡಿಲ ಮಾಡಿ ಲಂಗ ಇಳಿಸಿ, ಎಂದಿನಂತೆ ಅಂದಿನ ಪ್ರಾರ್ಥನೆ ಮುಗಿಸಿ ಹೋದರು. ಮತ್ತೆ ಎಂದೂ ಅದರ ಮಾತೆತ್ತಲಿಲ್ಲ. ಮಗು ಗುಣವಾಯಿತು. ತಾಯಿತವನ್ನು ಕೆರೆಗೆ ಎಸೆದು ಬಂದೆ. ಅಲ್ಲಿಂದ ಮುಂದೆ ಬಾಯಾರು ಎದುರಿಗೆ ಬಂದರೆ ನನಗೆ ಮೈ ಬಿಸಿಯಾಗುತ್ತಿತ್ತು. ಅವರು ಒಂದು ಮಾತು ಚುಚ್ಚಿ ಆಡಿದ್ದರೆ ಹಗುರವಾಗುತ್ತಿದ್ದೆನೇನೋ. ಅವರು ಮೊದಲಿನಂತೆಯೇ ಚೇಷ್ಟೆ ಮಾಡುತ್ತ, ಮೊದಲಿನಂತೆಯೇ ನಗುತ್ತ ಬರುತ್ತಿದ್ದರು. ಅದನ್ನು ನಾನು ಸಹಿಸಲಾರದೆ ಹೋದೆ.

ನಮ್ಮ ಓಣಿಯ ಕೊನೆಗೆ ಗಂಗವ್ವ ಎಂಬ ರೈತರ ಹೆಂಗಸು ಇದ್ದಳು. ನಮ್ಮ ಸಭೆಯವಳಲ್ಲ, ಹಿಂದೂ ಮನೆತನ. ಮೂರು ಕೂಸು ಹುಟ್ಟಿ ಹುಟ್ಟಿ ತೀರಿದ್ದವು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಆಕೆ ಮನೆಯಿಂದ ಹೊರಬೀಳುವುದನ್ನೇ ಬಿಟ್ಟಳು. ಬಾಯಾರು ವಾರಕ್ಕೆರಡು ಸಲ ಹೋಗಿ ಅವಳ ಜೊತೆ ಹತ್ತಿಯ ಕಾಯಿ ಬಿಡಿಸುತ್ತ ಕೂರುತ್ತಿದ್ದರು. ಆ ಕೂಸು ಬದುಕಿತು. ತೊಟ್ಟಿಲಿಗೆ ಹಾಕುವ ದಿನ ಗಂಗವ್ವ ಬಾಯಾರನ್ನು ಕರೆದಳು. ಬಂದ ಮುತ್ತೈದೆಯರಿಗೆಲ್ಲ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದರು. ವಿಧವೆಯರಿಗೆ ನಮ್ಮ ಕಡೆ ಉಡಿ ತುಂಬುವುದಿಲ್ಲ. ಅವರು ಬಾಗಿಲ ಬಾಜು ಕುಳಿತಿರುತ್ತಾರೆ. ಗಂಗವ್ವ ಎಲ್ಲರನ್ನೂ ಮುಗಿಸಿ, ಬಾಗಿಲ ಬಾಜು ಕುಳಿತಿದ್ದ ಬಾಯಾರ ಮುಂದೆ ಬಂದು ಮೊರ ಹಿಡಿದು ನಿಂತಳಂತೆ. ಅತ್ತೆ, "ಏನ ಮಾಡಾಕತ್ತೀ ಬೇ, ತಲಿ ಸರಿ ಐತಿಲ್ಲ?" ಎಂದಳಂತೆ. "ನನ್ನ ಕೂಸಿಗೆ ಆಯುಷ್ಯ ಬೇಡಿದಾಕಿ ಈಕಿ. ಈಕಿಗೆ ತುಂಬಲಿಲ್ಲಂದ್ರ ಯಾರಿಗೂ ತುಂಬೂದು ಬ್ಯಾಡಾಗಿತ್ತು," ಎಂದು ಗಂಗವ್ವ ಅರಿಸಿನ ಕುಂಕುಮ ಹಚ್ಚಿ ಉಡಿ ತುಂಬಿದಳು. ಬಾಯಾರು ಸೆರಗು ಒಡ್ಡಿದರು.

ಅವರು ಆ ಮನೆಯಿಂದ ಹೊರಗೆ ಬಂದಾಗ ನಾನು ಓಣಿಯಲ್ಲಿದ್ದೆ. ಸೆರಗಿನ ಗಂಟನ್ನು ಹೊಟ್ಟೆಗೆ ಅವಚಿಕೊಂಡು, ಹಣೆಯ ಮೇಲೆ ಕುಂಕುಮ ಹೊತ್ತು ಬರುತ್ತಿದ್ದರು. ಮುಖ ಹೇಗಿತ್ತೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅವರ ಇಡೀ ಆಯುಷ್ಯದಲ್ಲಿ ಯಾರೂ ಅವರಿಗೆ ಅಂಥದ್ದೊಂದು ಕೊಟ್ಟಿರಲಿಕ್ಕಿಲ್ಲ. ನನ್ನನ್ನು ನೋಡಿ, "ಉತ್ತತ್ತಿ ಬೇಕೇನ್ರಿ ಕಾರ್ಯದರ್ಶಿ? ಮಗಳಿಗೆ ಒಯ್ರಿ," ಎಂದರು. ನಾನು ಇಸಿದುಕೊಂಡೆ. ಮಗಳು ತಿಂದಳು.

ಇದಾಗಿ ಎರಡು ವಾರಕ್ಕೆ, ಆರಾಧನೆ ಮುಗಿದ ಮೇಲೆ ದೊಡ್ಡ ಹಿರಿಯರು ನಮ್ಮ ಐದು ಜನರ ಕಮಿಟಿಯನ್ನು ನಿಲ್ಲಿಸಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಗೆರೆ ಎಂದರೆ ಗೆರೆ. "ನಮ್ಮ ಸಭೆಯೊಳಗಿನವರು ಯಾರೋ ದರ್ಗಾಕ್ಕ ಹೋಗಿ ತಾಯಿತ ಕಟ್ಸ್ಯಾರಂತ ಊರಾಗ ಮಾತು ನಡದೈತಿ. ಯಾರಿಗರ ಗೊತ್ತೈತೇನು?" ಎಂದು ಕೇಳಿದರು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ನನ್ನ ಸರದಿ ಬಂತು.

"ತಾಯಿತದ್ದು ನನಗ ಗೊತ್ತಿಲ್ರಿ. ಆದರ ಬಾಯಾರು ಗಂಗವ್ವನ ಮನಿಯಾಗ ಕುಂಕುಮ ಹಚ್ಚಿಸಿಕೊಂಡು ಉಡಿ ತುಂಬಿಸಿಕೊಂಡಾರ. ನಾನ ಕಣ್ಣಾರೆ ನೋಡೇನಿ," ಎಂದೆ.

ಮಾತು ಅಲ್ಲಿಂದ ಆ ಕಡೆ ಹೊರಳಿತು. ನಾನು ಬಯಸಿದ್ದೂ ಅದನ್ನೇ.

ಬಾಯಾರನ್ನು ಕರೆಸಿದರು. ಅವರು ಅಡುಗೆ ಮಾಡುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಹಿರಿಯರು ಕೇಳಿದರು, "ಹೌದೇನ್ರಿ ಬಾಯಾರ?"

"ಹೌದ್ರಿ. ಆಕಿ ಕೊಟ್ಲು, ನಾ ಉಡಿ ಒಡ್ಡಿದೆ. ಮೂರು ಕೂಸು ಮಣ್ಣಾಗ ಇಟ್ಟಾಕಿ, ಅತ್ತಿ ಮಾತು ಮೀರಿ ಕೊಡಾಕ ನಿಂತಿದ್ಲು. ಬ್ಯಾಡ ಅನ್ನೂದು ನನ್ನಿಂದ ಆಗಲಿಲ್ರಿ."

"ಅದು ಅವರ ದೇವರ ಮುಂದ ಮಾಡಿದ್ದು. ನಮಗ ನಡಿಯೂದಿಲ್ಲ. ಸಭೆ ಮುಂದ ನಿಂತು ತಪ್ಪಾತು ಅನ್ರಿ. ಮುಗದುಹೋಗ್ತೈತಿ."

ಬಾಯಾರು ಸ್ವಲ್ಪ ಹೊತ್ತು ಯೋಚಿಸಿದರು. ಹಟ ಇರಲಿಲ್ಲ, ನಿಜವಾಗಿ ಯೋಚಿಸಿದರು. "ತಪ್ಪು ಅನಿಸಿದ್ರ ಅಂತಿದ್ದೆ ರೀ. ಅನಿಸವಲ್ದು. ಸುಳ್ಳ ಹೆಂಗ ಅನ್ನಲಿ?"

ಹಿರಿಯರಿಗೆ ಸಿಟ್ಟು ಬಂತು. "ನೀವು ಮನಿಮನಿಗೆ ಹೋಗೋರು. ಈ ತಾಯಿತ ಕಟ್ಟಿದವರು ಯಾರಂತ ನಿಮಗ ಗೊತ್ತಿರಬೇಕಲ್ಲ? ಅದನ್ನರ ಹೇಳ್ರಿ."

ನನ್ನ ಮುಂದೆ ಠರಾವಿನ ಪುಸ್ತಕವಿತ್ತು, ಕೈಯಲ್ಲಿ ಪೆನ್ನಿತ್ತು. ನಾನು ಹಾಳೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದೆ. ಬಾಯಾರು ನನ್ನ ಕಡೆ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ದನಿ ಮಾತ್ರ ಕೇಳಿತು. "ಮನಿ ಒಳಗ ಕಂಡದ್ದನ್ನ ನಾ ಮನಿ ಒಳಗ ಬಿಟ್ಟ ಬರ್ತೇನ್ರಿ. ಇಲ್ಲಂದ್ರ ಯಾರು ನನ್ನ ಒಳಗ ಕರೀತಾರ?"

ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ಕರ್ತನ ಭೋಜನವಿಲ್ಲ, ಬೈಬಲ್ ಬಾಯಿಯ ಕೆಲಸವೂ ಇಲ್ಲ ಎಂದು ಠರಾವಾಯಿತು. ನಾನೇ ಬರೆದೆ. ಅಕ್ಷರ ದುಂಡಗೇ ಬಂದವು.

ಹೊರಗಿನವರಿಗೆ ಇದು ದೊಡ್ಡ ಶಿಕ್ಷೆಯೆಂದು ಅನಿಸಲಿಕ್ಕಿಲ್ಲ. ಎರಡು ತಿಂಗಳಿಗೊಮ್ಮೆ ಪಾದ್ರಿಯವರು ಬಂದು, ಕರ್ತನು ತನ್ನ ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು, ದ್ರಾಕ್ಷಾರಸದ ಪಾತ್ರೆ ಕೊಡುತ್ತಾರೆ. ಒಂದು ಚೂರು ರೊಟ್ಟಿ, ಒಂದು ಗುಟುಕು ರಸ. ಆದರೆ ಮನೆಯಲ್ಲಿ ಒಬ್ಬರೇ ಉಣ್ಣುವವರಿಗೆ ಅದು ಎಲ್ಲರೊಂದಿಗೆ ಕೂಡಿ ಉಣ್ಣುವ ಒಂದೇ ಊಟ. ಬಾಯಾರಿಗೆ ಅದು ಹಾಗೇ ಇತ್ತು. ಭೋಜನದ ಭಾನುವಾರ ಅವರು ತೊಳೆದಿಟ್ಟ ಬಿಳಿ ಸೀರೆ ಉಟ್ಟು, ಬೆಳಿಗ್ಗೆಯಿಂದ ಏನೂ ತಿನ್ನದೆ ಬರುತ್ತಿದ್ದರು. ಹೊರಗಿಟ್ಟ ಮೇಲೂ ಹಾಗೆಯೇ ಬಂದರು. ಅದೇ ಬಿಳಿ ಸೀರೆ. ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ ಕೂತು, ಅದೇ ಅಪಸ್ವರದಲ್ಲಿ ಜೋರಾಗಿ ಹಾಡಿದರು. ನಮ್ಮಲ್ಲಿ ಪಾದ್ರಿಯವರು ಮುರಿದ ರೊಟ್ಟಿಯ ತಟ್ಟೆಯನ್ನು ಬೆಂಚಿನಿಂದ ಬೆಂಚಿಗೆ ಒಯ್ಯುವ ಕೆಲಸ ಕಾರ್ಯದರ್ಶಿಯದು. ಜಾಗ ಇಕ್ಕಟ್ಟು. ನಾನು ತಟ್ಟೆ ಹಿಡಿದು ಕೊನೆಯ ಬೆಂಚಿನ ಹತ್ತಿರ ಬಂದಾಗ ಅವರು ನನಗೆ ದಾರಿ ಬಿಡಲು ಮೊಣಕಾಲನ್ನು ಒಂದು ಕಡೆ ಸರಿಸಿಕೊಂಡರು. ಅವರನ್ನು ದಾಟಿ ಗೋಡೆಯ ಬದಿಗೆ ಕೂತ ಮುದುಕನಿಗೆ ಕೊಟ್ಟು, ಮತ್ತೆ ಅವರನ್ನು ದಾಟಿಯೇ ಹಿಂದಿರುಗಿದೆ. ಇದು ಎರಡು ವರ್ಷ ನಡೆಯಿತು. ಪ್ರತಿ ಸಲವೂ ಅವರು ಮೊಣಕಾಲು ಸರಿಸಿದರು.

ಪಗಾರ ನಿಂತ ಮೇಲೆ ಅವರು ಕೌದಿ ಹೊಲಿದು ಬದುಕಿದರು. ಮನೆಮನೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಸೂಜಿ ದಾರ ತೆಗೆದುಕೊಂಡೇ ಹೋಗುತ್ತಿದ್ದರು. ಮಿಲ್ಲು ಮುಚ್ಚಿ ನಾನು ಕೆಲಸ ಕಳೆದುಕೊಂಡಾಗ ನಮ್ಮ ಮನೆಗೂ ಬಂದರು. ಮಗಳ ಲಂಗಕ್ಕೆ ತೇಪೆ ಹಚ್ಚುತ್ತ ಸುಶೀಲೆಗೆ, "ಇವತ್ತಿನ ಒಲಿಗೆ ಐತಿಲ್ಲ? ಹಂಗಾರ ಇವತ್ತಿನ ಮಟ್ಟಿಗೆ ಸಾಹುಕಾರ್ರು ನಾವು," ಎನ್ನುವುದು ಕೇಳಿಸಿತು. ನಾನು ಒಳಕೋಣೆಯಲ್ಲಿ ಮಲಗಿದಂತೆ ನಟಿಸಿದೆ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಸಾಹೇಬ್ರ, ನಿದ್ದಿ ಮಾಡಿದ್ರ ಮಾಡ್ರಿ. ನಿಮ್ಮ ಹೆಸರಿಲೆ ಪ್ರಾರ್ಥನಾ ಮಾಡೇನಿ, ಗಿಡ್ಡಂದು," ಎಂದು ಹೋದರು.

ಒಂದು ಸಲ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೇ ಸಿಕ್ಕೆವು. ಬಸ್ಸು ತಡವಿತ್ತು. ಒಂದೇ ಕಲ್ಲುಬೆಂಚಿನ ಮೇಲೆ ಮುಕ್ಕಾಲು ತಾಸು ಕೂತೆವು. ಇವತ್ತು ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿದೆ. "ಬಾಯಾರ," ಎಂದೆ. ಅವರು ತಿರುಗಿದರು. ಅವರ ಕಣ್ಣಲ್ಲಿ ಏನೂ ಇರಲಿಲ್ಲ, ಬರೀ ಕೇಳುವ ಮನಸ್ಸಿತ್ತು. "ಊಟ ಆತೇನ್ರಿ?" ಎಂದೆ. "ಆತ್ರಿ," ಎಂದರು.

ಆಮೇಲೆ ಅವರ ಕಣ್ಣು ಮಂಜಾಯಿತು, ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ತಂಗಿಯ ಊರಿಗೆ ಹೋದರು. ಹೋಗುವ ದಿನ ಗಂಗವ್ವ ಬಂಡಿ ಹೂಡಿಸಿ ರಸ್ತೆಯವರೆಗೆ ಕಳಿಸಿ ಬಂದಳು. ಸಭೆಯವರು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಒಂದು ವರ್ಷ ಕಳೆದಿರಬೇಕು. ಸಭೆಯ ಕಾರ್ಯದರ್ಶಿಗೆ ಎಂದು ಬಾಯಾರಿಂದ ಒಂದು ಕಾರ್ಡು ಬಂತು. ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಬರೆದದ್ದು ಇಷ್ಟೇ: ಮೈಯಲ್ಲಿ ಆರಾಮವಿಲ್ಲ. ಇಲ್ಲಿಯ ಪಾದ್ರಿಯವರು ಮನೆಗೇ ಬಂದು ಕರ್ತನ ಭೋಜನ ಕೊಡುತ್ತೇನೆ ಅನ್ನುತ್ತಾರೆ. ನಿಮ್ಮ ಸಭೆಯಿಂದ ಅಡ್ಡಿಯಿಲ್ಲ ಎಂಬ ಒಂದು ಪತ್ರ ಬೇಕಂತೆ. ಒಂದು ಸಲ ತೆಗೆದುಕೊಳ್ಳಬೇಕು ಅನಿಸಿದೆ. ಕಳಿಸಿದರೆ ಉಪಕಾರವಾಗುತ್ತದೆ. ಮಗಳಿಗೆ ನೆನಪು ಹೇಳಿರಿ.

ಠರಾವು ಇರುವವರೆಗೆ ಅಡ್ಡಿಯಿಲ್ಲ ಎಂದು ಬರೆಯುವಂತಿರಲಿಲ್ಲ. ಠರಾವು ತೆಗೆಸಬೇಕಾದರೆ ದೊಡ್ಡ ಹಿರಿಯರ ಮುಂದೆ ನಿಂತು, ತಾಯಿತ ಕಟ್ಟಿದವನು ನಾನು, ನನ್ನ ಮೇಲೆ ಬರುವುದನ್ನು ತಪ್ಪಿಸಿಕೊಳ್ಳಲು ಅವರ ಹೆಸರು ಹೇಳಿದೆ ಎನ್ನಬೇಕಿತ್ತು. ಭಾನುವಾರ ಹೇಳೋಣ ಎಂದುಕೊಂಡೆ. ಆ ಭಾನುವಾರ ಹಿರಿಯರಿಗೆ ಜ್ವರ. ಮುಂದಿನ ಭಾನುವಾರ ಎಂದುಕೊಂಡೆ. ಆ ದಿನ ಅವರು ಬಂದಿದ್ದರು, ಆರೋಗ್ಯವಾಗಿಯೇ ಇದ್ದರು. ಆರಾಧನೆ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಪ್ರಾರ್ಥನಾ ಛಲೋ ಮಾಡಿದ್ರಿ ಇವತ್ತ," ಎಂದರು. ನಾನು ಮನೆಗೆ ಬಂದೆ. ಕಾರ್ಡು ಕೀರ್ತನೆ ಪುಸ್ತಕದೊಳಗೆ ಹತ್ತೊಂಬತ್ತು ದಿನ ಇತ್ತು. ಇಪ್ಪತ್ತನೆಯ ದಿನ ತಂಗಿಯ ಪತ್ರ ಬಂತು. ಅಕ್ಕ ಹೋದಳು, ಕೊನೆಯ ವಾರ ದಿನಾಲೂ ಟಪಾಲಿನವನು ಬಂದನೇನು ಎಂದು ಕೇಳುತ್ತಿದ್ದಳು ಎಂದು ಬರೆದಿದ್ದಳು.

ಆ ಪತ್ರವನ್ನು ನಾನು ಸಭೆಯಲ್ಲಿ ಓದಿ ಹೇಳಿದೆ. ಕೊನೆಯ ಸಾಲು ಬಿಟ್ಟು ಓದಿದೆ. ಎಲ್ಲರೂ ಎದ್ದು ಒಂದು ನಿಮಿಷ ಸುಮ್ಮನೆ ನಿಂತರು. ಮುಂದಿನ ತಿಂಗಳು ಪಾದ್ರಿಯವರು ರೊಟ್ಟಿ ಮುರಿದಾಗ ಎಲ್ಲರಿಗೂ ಹಂಚಿ ನಾನೂ ತೆಗೆದುಕೊಂಡೆ. ಆಮೇಲೂ ಎಷ್ಟೋ ವರ್ಷ ತೆಗೆದುಕೊಂಡೆ. ನನ್ನನ್ನು ಯಾರೂ ತಡೆಯಲಿಲ್ಲ.

ಹೋದ ತಿಂಗಳು ತಡೆದುಕೊಂಡವನು ನಾನೇ. ತಟ್ಟೆ ಬಂದಾಗ ಕೈ ಚಾಚಲಿಲ್ಲ. ಈಗಿನ ಪಾದ್ರಿಯವರು ಚಿಕ್ಕ ವಯಸ್ಸಿನವರು. ಆರಾಧನೆ ಮುಗಿದ ಮೇಲೆ ಪಕ್ಕಕ್ಕೆ ಬಂದು ಕೂತು, "ಯಾಕ್ರಿ ಅಜ್ಜಾರ, ಆರಾಮಿಲ್ಲೇನು?" ಎಂದು ಕೇಳಿದರು. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಬೆಂಚುಗಳೆಲ್ಲ ಖಾಲಿಯಾಗಿದ್ದವು. ಈಗ ನಮ್ಮವು ನಾಲ್ಕೇ ಮನೆ. ಅವರು, "ದೇವರ ಹತ್ರ ಕ್ಷಮಾ ಕೇಳೀರಲ್ಲ ಅಜ್ಜಾರ," ಎಂದರು.

"ದೇವರನ್ನ ದಿನಾ ಕೇಳೇನ್ರಿ. ಅವರನ್ನ ಒಂದು ಸಲನೂ ಕೇಳಲಿಲ್ಲ."

"ಅವರ ಹೆಸರೇನ್ರಿ?" ಎಂದು ಕೇಳಿದರು. "ಪ್ರಾರ್ಥನಾದಾಗ ನೆನೀಬೇಕಲ್ಲ."

ಊರಿನಲ್ಲಿ ಇಂದು ಅದು ಗೊತ್ತಿರುವವರು ಯಾರೂ ಇಲ್ಲ. ಠರಾವಿನಲ್ಲಿ ಒಮ್ಮೆ ಬರೆದ ಮೇಲೆ ನಾನೂ ಆ ಹೆಸರನ್ನು ಬಾಯಿಬಿಟ್ಟು ಆಡಿರಲಿಲ್ಲ. ಮೊದಲ ಸಲ ಮೊದಲಕ್ಷರಕ್ಕೇ ನಿಂತೆ. ಎರಡನೆಯ ಸಲಕ್ಕೆ ಹೊರಗೆ ಬಂತು.

"ಲೇಯಾ ಅಂತ್ರಿ," ಎಂದೆ. "ಲೇಯಾಬಾಯಿ."